ಶಾಲೆ ಬಿಟ್ಟ ಮೇಲಿನ ಅರ್ಧ ತಾಸು

ಮಧ್ಯಾಹ್ನ ಎರಡೂಮುಕ್ಕಾಲರಿಂದ ಮೂರೂವರೆಯವರೆಗೆ ಮುಂಬಯಿಯ ಯಾವುದೇ ದೊಡ್ಡ ಶಾಲೆಯ ಮುಂದಿನ ರಸ್ತೆಯಲ್ಲಿ ಒಮ್ಮೆ ಹಾದುಹೋದವರಿಗೆ ಅಲ್ಲಿನ ಜನಜಂಗುಳಿಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಸಾಲುಗಟ್ಟಿದ ಬಸ್ಸುಗಳು, ಅವುಗಳ ನಡುವೆ ನುಸುಳುವ ಸ್ಕೂಟರುಗಳು, ಎಂಜಿನ್ ನಿಲ್ಲಿಸದೆ ಕಾದಿರುವ ಕಾರುಗಳು, ಕಾಲುದಾರಿಯ ಅಂಚಿನಲ್ಲಿ ಕೊಡೆ ಹಿಡಿದು ನಿಂತ ಅಜ್ಜಿಯರು, ಗಳಿಗೆಗೊಮ್ಮೆ ಗಡಿಯಾರ ನೋಡಿಕೊಳ್ಳುವ ತಾಯಂದಿರು. ಶಾಲೆಯ ಗಂಟೆ ಬಾರಿಸುವುದು ಮೂರಕ್ಕೆ. ಮಗು ಕೈಗೆ ಸಿಗುವುದು ಮೂರು ಇಪ್ಪತ್ತೈದಕ್ಕೆ. ನಾಲ್ಕಕ್ಕೆ ಸರಿಯಾಗಿ ಭರತನಾಟ್ಯವೋ, ಈಜೋ, ಕರಾಟೆಯೋ, ಗಣಿತದ ಟ್ಯೂಷನ್ನೋ ಪ್ರಾರಂಭವಾಗಬೇಕು. ನಡುವೆ ಉಳಿದ ಮೂವತ್ತೈದು ನಿಮಿಷಗಳಲ್ಲಿ ದಾರಿ ಸವೆಯಬೇಕು, ಬಟ್ಟೆ ಬದಲಾಗಬೇಕು, ತಿಂಡಿ, ನೀರು, ಶೌಚ ಎಲ್ಲವೂ ಮುಗಿಯಬೇಕು. ಮುಗಿಯುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ.

ಪಾಲಕರ ಅಸಮಾಧಾನ ಸಹಜವಾದುದೇ. ಕಚೇರಿಯಲ್ಲಿ ಅನುಮತಿ ಬೇಡಿ ಬಂದ ತಂದೆಗೆ, ಮನೆಗೆಲಸವನ್ನು ಅರ್ಧಕ್ಕೆ ಬಿಟ್ಟು ಬಂದ ತಾಯಿಗೆ, ಶುಲ್ಕ ತೆತ್ತ ತರಗತಿಯ ಮೊದಲ ಹತ್ತು ನಿಮಿಷ ದಿನವೂ ತಪ್ಪಿಹೋಗುವುದನ್ನು ಸಹಿಸುವುದು ಕಷ್ಟ. ಆ ಕೋಪ ಮೊದಲು ಕಾವಲುಗಾರನ ಮೇಲೆ ತಿರುಗುತ್ತದೆ, ಅನಂತರ ಶಿಕ್ಷಕಿಯ ಮೇಲೆ, ಕಡೆಗೆ ಯಾವ ತಪ್ಪನ್ನೂ ಮಾಡದೆ ಚೀಲ ಹೊತ್ತು ಹೊರಬಂದ ಮಗುವಿನ ಮೇಲೆ. ಆದರೆ ಈ ವಿಳಂಬವನ್ನು ಪಾಲಕರ ತಾಳ್ಮೆಯ ಪ್ರಶ್ನೆಯೆಂದಷ್ಟೇ ಭಾವಿಸುವುದು ಸರಿಯಲ್ಲ. ಕಳೆದುಹೋದ ಇಪ್ಪತ್ತೈದು ನಿಮಿಷಗಳನ್ನು ಯಾರಾದರೊಬ್ಬರು ತುಂಬಿಕೊಡಲೇಬೇಕು. ತರಗತಿಯ ವೇಳೆ ಬದಲಾಗದು, ತಂದೆ ಮನೆಗೆ ಮರಳುವ ಲೋಕಲ್ ರೈಲಿನ ವೇಳೆ ಬದಲಾಗದು, ಮನೆಪಾಠ ಕಡಿಮೆಯಾಗದು. ಆದುದರಿಂದ ಆ ನಿಮಿಷಗಳು ಮಗುವಿನ ತಿಂಡಿಯಿಂದ, ನೀರಿನಿಂದ, ಕಡೆಗೆ ನಿದ್ರೆಯಿಂದ ಕಡಿತವಾಗುತ್ತವೆ. ಜಮಾಖರ್ಚಿನ ಭಾಷೆಯಲ್ಲಿ ಹೇಳುವುದಾದರೆ, ಶಾಲೆಯ ದ್ವಾರದಲ್ಲಿ ಆದ ವೆಚ್ಚವು ಮಗುವಿನ ದೇಹದ ಖಾತೆಗೆ ಖರ್ಚಾಗಿ ಬೀಳುತ್ತದೆ.

ವಿಳಂಬಕ್ಕೆ ಕಾರಣವೇನೆಂಬುದನ್ನು ಮೊದಲು ಅರಿಯುವುದು ಲೇಸು. ಚಿಕ್ಕ ಮಕ್ಕಳನ್ನು ಒಬ್ಬೊಬ್ಬರನ್ನಾಗಿ, ಗುರುತಿನ ಚೀಟಿ ನೋಡಿ, ಗೊತ್ತಾದವರ ಕೈಗೇ ಒಪ್ಪಿಸಬೇಕೆಂಬ ನಿಯಮವನ್ನು ಯಾವ ವಿವೇಕಿಯೂ ಆಕ್ಷೇಪಿಸಲಾರ. ಆ ಎಚ್ಚರಿಕೆಯನ್ನು ಸಡಿಲಿಸಿ ವೇಗವನ್ನು ಕೊಳ್ಳುವುದು ಬೇಡ. ತೊಡಕು ಇರುವುದು ಬೇರೆಡೆ. ಸರದಿಯ ಸಾಲಿಗೂ ಒಂದು ಶಾಸ್ತ್ರವುಂಟು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎರ್ಲಾಂಗ್ ಎಂಬ ಗಣಿತಜ್ಞರು 1909ರಲ್ಲಿ, ದೂರವಾಣಿ ಕರೆಗಳು ಬಂದು ಸೇರುವ ರೀತಿಯನ್ನು ಲೆಕ್ಕಕ್ಕೆ ತಂದು ಈ ಶಾಸ್ತ್ರಕ್ಕೆ ತಳಹದಿ ಹಾಕಿದರು. ಅದರ ಸಾರ ಬ್ಯಾಂಕಿನ ಕೌಂಟರಿನ ಮುಂದೆ ನಿಂತ ಯಾರಿಗಾದರೂ ಅನುಭವಸಿದ್ಧ. ತಿಂಗಳ ಮೊದಲ ದಿನ ಪಿಂಚಣಿದಾರರೆಲ್ಲರೂ ಬಾಗಿಲು ತೆರೆಯುವ ಮುನ್ನವೇ ಬಂದು ನಿಂತರೆ, ಗುಮಾಸ್ತನ ಕೈ ಎಷ್ಟೇ ಚುರುಕಾಗಿದ್ದರೂ ಸಾಲು ಕರಗದು. ಅದೇ ಜನ, ಅದೇ ಗುಮಾಸ್ತ, ಅದೇ ಹಣ. ಬರುವ ವೇಳೆ ಹಂಚಿಹೋದರೆ ಸಾಲೇ ಕಾಣದು. ಕಾಯುವಿಕೆಗೆ ಕಾರಣ ಕೆಲಸದ ಮೊತ್ತವಲ್ಲ, ಅದು ಒಂದೇ ಗಳಿಗೆಯಲ್ಲಿ ಬಂದು ಬೀಳುವುದು.

ಇದನ್ನು ಶಾಲೆಯ ದ್ವಾರಕ್ಕೆ ಅನ್ವಯಿಸಿ ನೋಡಬಹುದು. ಒಂದು ದ್ವಾರದಿಂದ ನಿಮಿಷಕ್ಕೆ 20 ಮಕ್ಕಳನ್ನು ಕ್ರಮವಾಗಿ ಹೊರಗೊಪ್ಪಿಸಲು ಸಾಧ್ಯವೆಂದು ಇಟ್ಟುಕೊಳ್ಳೋಣ. ಮೂರು ಗಂಟೆಗೆ 600 ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಕಡೆಯ ಮಗು 30 ನಿಮಿಷ ನಿಲ್ಲಬೇಕು. ಸರಾಸರಿ ಒಬ್ಬರಿಗೆ 15 ನಿಮಿಷ. ಎಲ್ಲ ಮಕ್ಕಳ ನಿಂತ ಹೊತ್ತನ್ನು ಕೂಡಿದರೆ 9,000 ನಿಮಿಷ, ಅಂದರೆ 150 ಗಂಟೆ. ಇದೇ ಮಕ್ಕಳನ್ನು 200ರ ಮೂರು ತಂಡಗಳಾಗಿ ಹತ್ತು ಹತ್ತು ನಿಮಿಷಗಳ ಅಂತರದಲ್ಲಿ ಬಿಟ್ಟರೆ, ಪ್ರತಿ ತಂಡದ ಕಡೆಯ ಮಗು 10 ನಿಮಿಷ ನಿಲ್ಲುತ್ತದೆ. ಸರಾಸರಿ 5 ನಿಮಿಷ. ಒಟ್ಟು 3,000 ನಿಮಿಷ, ಅಂದರೆ 50 ಗಂಟೆ. ದ್ವಾರ ಒಂದಂಗುಲವೂ ಅಗಲವಾಗಲಿಲ್ಲ, ಹೊಸ ನೌಕರನೊಬ್ಬನೂ ನೇಮಕವಾಗಲಿಲ್ಲ, ಕಡೆಯ ಮಗು ಹೊರಬೀಳುವುದು ಮೊದಲಿನಂತೆ ಮೂರೂವರೆಗೇ. ಆದರೂ ನಿಂತು ಕಾಯುವ ಹೊತ್ತು ಮೂರನೆಯ ಒಂದು ಪಾಲಿಗೆ ಇಳಿಯಿತು.

ಇಲ್ಲೊಂದು ಆಕ್ಷೇಪ ಬರಬಹುದು. ಮೂರನೆಯ ತಂಡದ ಮಗುವಿಗೆ ಇಪ್ಪತ್ತು ನಿಮಿಷ ತಡವಾಗಿ ಬಿಡುಗಡೆಯಾದಂತಾಗಲಿಲ್ಲವೆ? ಆಗಲಿಲ್ಲ. ಒಟ್ಟಿಗೆ ಬಿಟ್ಟಾಗಲೂ ಆ ಮಗುವಿನ ಸರದಿ ಬರುತ್ತಿದ್ದುದು ಮೂರು ಇಪ್ಪತ್ತರ ನಂತರವೇ. ವ್ಯತ್ಯಾಸವಿಷ್ಟೆ: ಆಗ ಆ ಇಪ್ಪತ್ತು ನಿಮಿಷಗಳನ್ನು ಬೆನ್ನ ಮೇಲೆ ಚೀಲ ಹೊತ್ತು ಬಿಸಿಲಿನಲ್ಲಿ ಕಳೆಯುತ್ತಿತ್ತು, ಈಗ ತರಗತಿಯಲ್ಲಿ ಕುಳಿತು ಒಂದು ಹಣ್ಣು ತಿಂದು, ನೀರು ಕುಡಿದು, ಶೌಚಕ್ಕೆ ಹೋಗಿ ಬಂದು ಕಳೆಯುತ್ತದೆ. ಪಾಲಕರಿಗೂ ತಮ್ಮ ತಂಡದ ವೇಳೆ ನಿಶ್ಚಿತವಾಗಿ ತಿಳಿದಿದ್ದರೆ ಎರಡೂವರೆಗೇ ಬಂದು ಜಾಗ ಹಿಡಿಯುವ ಪೈಪೋಟಿ ತಪ್ಪುತ್ತದೆ. ಬೇಗ ಬಂದವನಿಗೆ ಲಾಭವೆಂದು ಕಂಡೊಡನೆ ಎಲ್ಲರೂ ಬೇಗ ಬರುತ್ತಾರೆ, ಎಲ್ಲರೂ ಬೇಗ ಬಂದೊಡನೆ ಲಾಭ ಯಾರಿಗೂ ಇಲ್ಲ. ಬಸ್ಸಿಗೆ ಮಾತ್ರ ರಸ್ತೆ ಮುಚ್ಚಿಹೋಗುತ್ತದೆ. ನಡೆದುಹೋಗುವ ಮಕ್ಕಳನ್ನು ಮೊದಲು ಬಿಟ್ಟು, ಬಸ್ಸಿನವರನ್ನು ಅನಂತರ, ಖಾಸಗಿ ವಾಹನಗಳವರನ್ನು ಕಡೆಗೆ ಬಿಡುವುದು ನ್ಯಾಯವೂ ಹೌದು, ಕ್ಷೇಮವೂ ಹೌದು. ಕಾರು ತಂದವರು ಇದಕ್ಕೆ ಒಪ್ಪುವುದು ಸ್ವಲ್ಪ ಕಷ್ಟವಾದೀತು. ಅಣ್ಣತಮ್ಮಂದಿರು ಬೇರೆ ಬೇರೆ ತರಗತಿಗಳಲ್ಲಿದ್ದರೆ ಇಬ್ಬರನ್ನೂ ಒಂದೇ ತಂಡಕ್ಕೆ ಸೇರಿಸಬೇಕಾಗುತ್ತದೆ. ಎರಡು ಪಾಳಿಗಳಲ್ಲಿ ನಡೆಯುವ ಶಾಲೆಗಳಲ್ಲಿ ಹೊರಬರುವ ಮಕ್ಕಳೂ ಒಳಹೋಗುವ ಮಕ್ಕಳೂ ಒಂದೇ ದ್ವಾರದಲ್ಲಿ ಎದುರುಬದುರಾಗುತ್ತಾರೆ. ಅಲ್ಲಿ ಎರಡನೆಯ ದ್ವಾರವನ್ನು ತೆರೆಯದೆ ಬೇರೆ ದಾರಿಯಿಲ್ಲ.

ಮಹಾರಾಷ್ಟ್ರದಲ್ಲಿ 2011ರ ಶಾಲಾ ಬಸ್ ನಿಯಮಗಳ ಪ್ರಕಾರ ಪ್ರತಿ ಶಾಲೆಯಲ್ಲಿಯೂ ಮುಖ್ಯಾಧ್ಯಾಪಕರ ಅಧ್ಯಕ್ಷತೆಯಲ್ಲಿ ಸಾರಿಗೆ ಸಮಿತಿಯೊಂದು ಇರತಕ್ಕದ್ದು. ಅದರಲ್ಲಿ ಪಾಲಕರ ಪ್ರತಿನಿಧಿಗೂ ಸಂಚಾರ ಪೊಲೀಸ್ ಅಧಿಕಾರಿಗೂ ಸ್ಥಾನವುಂಟು. ದ್ವಾರದಲ್ಲಿ ಕಾವಲುಗಾರನೊಡನೆ ಜಗಳವಾಡುವ ಬದಲು ಮೇಲಿನಂತಹ ಒಂದು ಹಾಳೆಯ ಲೆಕ್ಕವನ್ನು ಆ ಸಮಿತಿಯ ಮುಂದಿಡುವುದು ಹೆಚ್ಚು ಫಲಕಾರಿ.

ಇನ್ನು ಆರೋಗ್ಯದ ವಿಚಾರ. ಎಂಟಕ್ಕೆ ಶಾಲೆ ಸೇರುವ ಹತ್ತು ವರ್ಷದ ಹುಡುಗಿಯೊಬ್ಬಳ ದಿನವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಡಬ್ಬಿ ತುಂಬಿದ್ದು ಬೆಳಗ್ಗೆ ಆರೂವರೆಗೆ. ಅದನ್ನು ಉಂಡದ್ದು ಹನ್ನೊಂದರ ಬಿಡುವಿನಲ್ಲಿ, ಅದೂ ಆಟದ ಅವಸರದಲ್ಲಿ ಅರ್ಧ. ನಾಲ್ಕಕ್ಕೆ ನೃತ್ಯದ ತರಗತಿಯಲ್ಲಿ ಕಾಲೂರಿ ನಿಲ್ಲುವಾಗ ಐದು ತಾಸು ಕಳೆದಿರುತ್ತದೆ. ಮಕ್ಕಳ ಮೆದುಳು ದೇಹದ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು, ಅದು ಬಳಸುವ ಗ್ಲೂಕೋಸ್ ಹೆಚ್ಚು. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯಾದರೋ ಹಿರಿಯರಿಗಿಂತ ಕಡಿಮೆ. ಹೀಗಾಗಿ ಹಿರಿಯರು ಸುಲಭವಾಗಿ ತಾಳಿಕೊಳ್ಳುವ ಹಸಿವು ಮಗುವಿನಲ್ಲಿ ತಲೆನೋವಾಗಿ, ಸಿಡುಕಾಗಿ, ಅಳುವಾಗಿ ಕಾಣಿಸಿಕೊಳ್ಳುತ್ತದೆ. ಗಮನವಿಲ್ಲ, ಆಸಕ್ತಿಯಿಲ್ಲ ಎಂದು ಗುರುಗಳು ದೂರುತ್ತಾರೆ. ಆಸಕ್ತಿ ಇಲ್ಲದಿರುವುದಕ್ಕೂ ಅನ್ನ ಇಲ್ಲದಿರುವುದಕ್ಕೂ ಇರುವ ಭೇದವನ್ನು ತರಗತಿಯಲ್ಲಿ ಗುರುತಿಸುವುದು ಸುಲಭವಲ್ಲ.

ಇದಕ್ಕೆ ಅನೇಕರು ಕಂಡುಕೊಂಡ ಉಪಾಯ ದಾರಿಯ ವಡಾಪಾವ್. ಎಣ್ಣೆಯಲ್ಲಿ ಕರಿದ ಪದಾರ್ಥ ಜಠರವನ್ನು ನಿಧಾನವಾಗಿ ಬಿಡುತ್ತದೆ. ಅದನ್ನು ತಿಂದ ಅರ್ಧ ಗಂಟೆಯಲ್ಲಿ ಕುಣಿಯುವ ಅಥವಾ ಈಜುವ ಮಗುವಿಗೆ ಹೊಟ್ಟೆ ತೊಳಸಿದರೆ ಆಶ್ಚರ್ಯವಿಲ್ಲ. ಇನ್ನು ಕೆಲವರು ಬೆಳಗಿನ ಚಿತ್ರಾನ್ನವನ್ನೋ ಮೊಸರನ್ನವನ್ನೋ ಎರಡನೆಯ ಡಬ್ಬಿಯಲ್ಲಿ ಹಾಕಿ ಕಳುಹಿಸುತ್ತಾರೆ. ಅದು ಮೂರೂವರೆಗೆ ತೆರೆಯಲ್ಪಡುವಾಗ ಒಂಬತ್ತು ತಾಸು ಹಳೆಯದು. ಬೆಂದ ಅನ್ನದಲ್ಲಿ ಉಳಿದುಕೊಳ್ಳುವ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಬೆಚ್ಚನೆಯ ಹವೆಯಲ್ಲಿ ಅವು ಮೊಳೆತು ವಿಷವನ್ನುಂಟುಮಾಡುತ್ತವೆ, ಮತ್ತೆ ಬಿಸಿಮಾಡಿದರೂ ಆ ವಿಷ ಹೋಗದು. ಮುಂಬಯಿಯ ಅಕ್ಟೋಬರದ ಸೆಖೆಯಲ್ಲಿ ಈ ಅಪಾಯ ಸಣ್ಣದಲ್ಲ. ಎರಡನೆಯ ಡಬ್ಬಿಗೆ ಒಣ ಪದಾರ್ಥಗಳೇ ಯೋಗ್ಯ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಇವುಗಳಿಗೇನೂ ಕೊರತೆಯಿಲ್ಲ: ಹುರಿಗಡಲೆ ಬೆಲ್ಲ, ಒಗ್ಗರಣೆ ಹಾಕಿದ ಹುರಿದ ಅವಲಕ್ಕಿ, ಶೇಂಗಾ ಉಂಡೆ, ಖರ್ಜೂರ, ಜೊತೆಗೊಂದು ಬಾಳೆಹಣ್ಣು. ಅಂಗಡಿಯ ಬಿಸ್ಕತ್ತಿಗಿಂತ ಇವು ಅಗ್ಗವೂ ಹೌದು. ಐದು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಇಡಿಯ ಶೇಂಗಾ, ಕಡಲೆ ಕೊಡಬಾರದು, ಉಸಿರ್ನಾಳಕ್ಕೆ ಸಿಕ್ಕಿಕೊಳ್ಳುವ ಭಯವುಂಟು. ಅದೇ ಭಯದಿಂದ ಯಾವ ವಯಸ್ಸಿನ ಮಗುವಿಗೂ ಓಡುವ ಸ್ಕೂಟರಿನ ಮೇಲೆ, ಕುಲುಕುವ ರಿಕ್ಷಾದಲ್ಲಿ ತಿನ್ನಿಸಬಾರದು. ಐದು ನಿಮಿಷ ನಿಂತು, ಕುಳ್ಳಿರಿಸಿ ತಿನ್ನಿಸಿದರೆ ತರಗತಿಗೆ ಐದು ನಿಮಿಷ ತಡವಾಗಬಹುದು. ಆಗಲಿ.

ಮಳೆಗಾಲದಲ್ಲಿ ಈ ಎರಡನೆಯ ಡಬ್ಬಿಗೆ ಇನ್ನೊಂದು ಪ್ರಯೋಜನವುಂಟು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಎಷ್ಟೋ ಮಕ್ಕಳು ರಾತ್ರಿಯನ್ನು ಶಾಲೆಯಲ್ಲಿಯೇ ಕಳೆಯಬೇಕಾಯಿತು. ಅದನ್ನು ಕಂಡ ತಾಯಂದಿರು ಜೂನ್ ತಿಂಗಳಲ್ಲಿ ಚೀಲದ ತಳದಲ್ಲಿ ಒಂದು ಪೊಟ್ಟಣ ಉಂಡೆ ಇಡುವುದನ್ನು ಇಂದಿಗೂ ಬಿಟ್ಟಿಲ್ಲ.

ನೀರಿನ ಸಂಗತಿ ಇನ್ನೂ ಸೂಕ್ಷ್ಮವಾದುದು. ಶಾಲೆಯ ಶೌಚಾಲಯ ಮಲಿನವಾಗಿದ್ದರೆ ಅಥವಾ ಅಲ್ಲಿ ಸಂಕೋಚವಾದರೆ ಮಕ್ಕಳು, ಮುಖ್ಯವಾಗಿ ಹೆಣ್ಣುಮಕ್ಕಳು, ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ತುಂಬಿ ಕಳುಹಿಸಿದ ಬಾಟಲಿ ತುಂಬಿಕೊಂಡೇ ಮರಳಿದರೆ ತಾಯಿ ಗದರಿಸುವ ಮುನ್ನ ಕಾರಣ ಕೇಳಬೇಕು. ಮೂತ್ರವನ್ನು ತಾಸುಗಟ್ಟಲೆ ತಡೆದಿಡುವ ಅಭ್ಯಾಸದಿಂದ ಮೂತ್ರಕೋಶದ ಸೋಂಕು, ಮಲಬದ್ಧತೆ, ಹಗಲಿನಲ್ಲಿಯೇ ಬಟ್ಟೆ ತೇವವಾಗುವ ತೊಂದರೆ ಬರುತ್ತವೆ. ಮೂತ್ರ ಮಾಡುವಾಗ ಉರಿ, ಪದೇ ಪದೇ ಹೋಗಬೇಕೆನಿಸುವುದು, ಕಾರಣವಿಲ್ಲದ ಜ್ವರ, ಇವು ಕಂಡರೆ ವೈದ್ಯರಿಗೆ ತೋರಿಸಬೇಕು. ಶಾಲೆ ಬಿಡುವ ಮುನ್ನ ಐದು ನಿಮಿಷ ಶೌಚಕ್ಕೆಂದೇ ಮೀಸಲಿಡುವಂತೆ ಶಿಕ್ಷಕಿಯರನ್ನು ಕೇಳಿಕೊಳ್ಳುವುದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ.

ದ್ವಾರದ ಹೊರಗೆ ನಿಲ್ಲುವವರ ಆರೋಗ್ಯವನ್ನೂ ಮರೆಯಬಾರದು. ತಾಯ್ತಂದೆಗಳಿಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಈ ಕೆಲಸ ಬೀಳುವುದು ಉಡುಪಿಯಿಂದಲೋ ಧಾರವಾಡದಿಂದಲೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಬಂದು ನೆಲೆಸಿದ ಅಜ್ಜ ಅಜ್ಜಿಯರ ಪಾಲಿಗೆ. ಅವರಲ್ಲಿ ಮಧುಮೇಹಿಗಳು ಅನೇಕರು. ಮೊಮ್ಮಗ ಹೊರಬರುವ ಹೊತ್ತಾಯಿತೆಂದು ಊಟವನ್ನು ಅರ್ಧಕ್ಕೇ ಮುಗಿಸಿ, ಗುಳಿಗೆಯನ್ನು ಮಾತ್ರ ತಪ್ಪದೆ ನುಂಗಿ, ಹತ್ತು ನಿಮಿಷ ನಡೆದು ಬಂದು, ಅರ್ಧ ಗಂಟೆ ಬಿಸಿಲಿನಲ್ಲಿ ನಿಂತರೆ ರಕ್ತದ ಸಕ್ಕರೆ ಕೆಳಗಿಳಿಯುವ ಸಂಭವವುಂಟು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೂ, ಸಕ್ಕರೆಯನ್ನು ಬಲವಾಗಿ ಇಳಿಸುವ ಕೆಲವು ಬಗೆಯ ಗುಳಿಗೆ ತೆಗೆದುಕೊಳ್ಳುವವರಿಗೂ ಇದು ವಿಶೇಷವಾಗಿ ಅನ್ವಯಿಸುತ್ತದೆ. ಕೈನಡುಕ, ತಣ್ಣನೆಯ ಬೆವರು, ಎದೆಬಡಿತ, ಕಣ್ಣುಮಂಜು ಕಂಡೊಡನೆ ಕುಳಿತುಕೊಂಡು ಮೂರು ಚಮಚೆ ಸಕ್ಕರೆಯನ್ನೋ, ಅಷ್ಟೇ ಗ್ಲೂಕೋಸನ್ನೋ, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅಜ್ಜಿಯ ಕೈಚೀಲದಲ್ಲಿ ಸಕ್ಕರೆಯ ಪೊಟ್ಟಣವೂ, ಮಗನ ಅಥವಾ ಸೊಸೆಯ ಫೋನ್ ನಂಬರು ಬರೆದ ಚೀಟಿಯೂ ಇರಲಿ. ಮಕ್ಕಳಿಗೆ ತೊಂದರೆ ಕೊಡಬಾರದೆಂದು ತನ್ನ ಆಯಾಸವನ್ನು ಹೇಳಿಕೊಳ್ಳದಿರುವುದು ಆ ತಲೆಮಾರಿನವರ ಸ್ವಭಾವ. ಕೇಳಿ ತಿಳಿಯಬೇಕಾದುದು ಮನೆಯವರ ಕರ್ತವ್ಯ.

ನಿಂತ ವಾಹನಗಳ ಹೊಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಗುವಿನ ಮೂಗು ಹಿರಿಯರ ಮೂಗಿಗಿಂತ ಹೊಗೆಕೊಳವೆಗೆ ಹತ್ತಿರವಿರುತ್ತದೆ, ತೂಕದ ಪ್ರಮಾಣದಲ್ಲಿ ಅದು ಎಳೆದುಕೊಳ್ಳುವ ಗಾಳಿಯೂ ಹೆಚ್ಚು. ಉಬ್ಬಸವಿರುವ ಮಕ್ಕಳಿಗೆ ಇದರಿಂದ ಆಗುವ ಹಾನಿ ಸ್ಪಷ್ಟ. ಎಂಜಿನ್ ನಿಲ್ಲಿಸಿದರೆ ಪೆಟ್ರೋಲೂ ಉಳಿಯುತ್ತದೆ. ತಡವಾಯಿತೆಂದು ಇಬ್ಬರು ಮಕ್ಕಳನ್ನು ಸ್ಕೂಟರಿನ ಮುಂದೆ ಹಿಂದೆ ಕೂರಿಸಿ ಸಿಗ್ನಲ್ ದಾಟುವ ಸಾಹಸವಂತೂ ಯಾವ ನೃತ್ಯಕ್ಕೂ ಸಮನಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾನೂನಿನಂತೆ ನಾಲ್ಕು ವರ್ಷ ಮೀರಿದ ಪ್ರತಿ ಸವಾರನಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕರೊಳಗಿನ ಮಕ್ಕಳಿಗೆ 2023ರ ಫೆಬ್ರವರಿಯಿಂದ ಸುರಕ್ಷಾ ಪಟ್ಟಿ ಮತ್ತು ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು.

ಕಡೆಗೆ ನಿದ್ರೆಯ ಲೆಕ್ಕ. ಅದೇ ಹುಡುಗಿ ಐದಕ್ಕೆ ನೃತ್ಯ ಮುಗಿಸಿ ಮನೆ ಸೇರುವಾಗ ಆರು ಸಮೀಪಿಸುತ್ತದೆ. ಮನೆಪಾಠ, ಸ್ನಾನ, ತಂದೆ ಬಂದ ಮೇಲೆ ಒಂಬತ್ತಕ್ಕೆ ಊಟ. ಹಾಸಿಗೆ ಸೇರುವುದು ಹತ್ತೂವರೆಗೆ. ಬೆಳಗ್ಗೆ ಆರೂಕಾಲಿಗೆ ಎಬ್ಬಿಸಿದರೆ ಸಿಕ್ಕ ನಿದ್ರೆ 7 ಗಂಟೆ 45 ನಿಮಿಷ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದಂತೆ ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕು. ಅತ್ಯಂತ ಕಡಿಮೆಯಾದ 9 ಗಂಟೆಯನ್ನೇ ಹಿಡಿದರೂ ದಿನಕ್ಕೆ 75 ನಿಮಿಷದ ಕೊರತೆ. ಐದು ದಿನಗಳಿಗೆ 6 ಗಂಟೆ 15 ನಿಮಿಷದ ಸಾಲ. ಭಾನುವಾರ ಹತ್ತರವರೆಗೆ ಮಲಗಿದರೂ ಈ ಸಾಲ ಪೂರ್ತಿ ತೀರದು. ಚಿಕ್ಕ ಮಕ್ಕಳ ನಿದ್ರೆಯನ್ನು ಗಮನಿಸಿಯೇ ಮಹಾರಾಷ್ಟ್ರ ಸರಕಾರ 2024ರ ಫೆಬ್ರವರಿಯಲ್ಲಿ, ನಾಲ್ಕನೆಯ ಇಯತ್ತೆಯವರೆಗಿನ ತರಗತಿಗಳು ಬೆಳಗ್ಗೆ ಒಂಬತ್ತಕ್ಕಿಂತ ಮೊದಲು ಪ್ರಾರಂಭವಾಗಬಾರದೆಂದು ಆದೇಶ ಹೊರಡಿಸಿತು. ಬೆಳಗಿನ ಲಾಭ ಸಂಜೆಯ ದ್ವಾರದಲ್ಲಿ ಸೋರಿಹೋದರೆ ಆದೇಶದ ಉದ್ದೇಶ ಸಫಲವಾಗದು.

75 ನಿಮಿಷಗಳ ಈ ಕೊರತೆಯಲ್ಲಿ ದ್ವಾರದ ಪಾಲು 25, ಅಂದರೆ ಮೂರನೆಯ ಒಂದು ಭಾಗ. ಮಿಕ್ಕ ಎರಡು ಭಾಗ ಮನೆಯವರು ತಾವೇ ಹಾಕಿಕೊಂಡ ವೇಳಾಪಟ್ಟಿಯದು. ಇದನ್ನು ಶಾಲೆಯ ಮೇಲೆ ಹೊರಿಸುವಂತಿಲ್ಲ. ತರಗತಿಗೆ ಸೇರಿಸುವಾಗ ಹೆಚ್ಚಿನ ಪಾಲಕರು ಶಾಲೆಯ ಗಂಟೆಯಿಂದ ಎಣಿಸುತ್ತಾರೆ. ಎಣಿಸಬೇಕಾದುದು ಮಗು ಕೈಗೆ ಸಿಗುವ ಗಳಿಗೆಯಿಂದ. ಹತ್ತು ದಿನ ಆ ಗಳಿಗೆಯನ್ನು ಬರೆದಿಟ್ಟುಕೊಂಡು, ಅದರ ಸರಾಸರಿಯನ್ನಲ್ಲ, ಅತ್ಯಂತ ತಡವಾದ ದಿನವನ್ನು ಆಧಾರವಾಗಿಟ್ಟು ವೇಳೆ ಗೊತ್ತುಮಾಡುವುದು ಜಾಣತನ. ಆದಾಯವನ್ನು ಕಡಿಮೆಯಾಗಿ, ವೆಚ್ಚವನ್ನು ಹೆಚ್ಚಾಗಿ ಅಂದಾಜು ಮಾಡುವುದು ಲೆಕ್ಕಪತ್ರದ ಹಳೆಯ ಎಚ್ಚರಿಕೆ. ವಾರದಲ್ಲಿ ಐದು ದಿನ ಐದು ತರಗತಿಗಳಿಗೆ ಬದಲು ಮೂರು ದಿನ, ನಾಲ್ಕೂವರೆಗೆ. ಉಳಿದೆರಡು ದಿನ ಕಟ್ಟಡದ ಅಂಗಳದಲ್ಲಿ ಆಟ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮಕ್ಕಳಿಗೆ ವಿಧಿಸಿದ ದಿನದ ಸರಾಸರಿ 60 ನಿಮಿಷಗಳ ಚಟುವಟಿಕೆಗೆ ಅಂಗಳದ ಓಟವೂ ಸಲ್ಲುತ್ತದೆ, ಅದಕ್ಕೆ ಶುಲ್ಕವಿಲ್ಲ.

ಹೊರನಾಡ ಕನ್ನಡಿಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಗು ದಣಿದಾಗ ಪಟ್ಟಿಯಿಂದ ಮೊದಲು ಅಳಿಸಿಹೋಗುವುದು ಗಣಿತವಲ್ಲ, ಈಜಲ್ಲ; ಅಂಕಗಳನ್ನು ತರದ ಕನ್ನಡದ ತರಗತಿ. ಸಂಘಗಳು ನಡೆಸುವ ಕನ್ನಡ ಕಲಿಕೆಯ ತರಗತಿಗಳಿಗೂ, ಯಕ್ಷಗಾನದ ತರಬೇತಿಗೂ ಜೂನ್ ತಿಂಗಳಲ್ಲಿ ಸೇರಿದ ಮಕ್ಕಳು ದೀಪಾವಳಿಯ ಹೊತ್ತಿಗೆ ವಿರಳವಾದರೆ ಅದನ್ನು ಭಾಷಾಭಿಮಾನದ ಕೊರತೆಯೆಂದು ವೇದಿಕೆಯ ಮೇಲಿಂದ ಖಂಡಿಸುವುದು ವಾಡಿಕೆ. ಹಿಂದೆ ಇದೇ ಊರಿನ ಕನ್ನಡ ರಾತ್ರಿಶಾಲೆಗಳಿಗೆ ಹೋಟೆಲಿನ ಹುಡುಗರು ಹಗಲೆಲ್ಲ ದುಡಿದು ಬಂದು ಕಲಿತರೆಂಬ ಉದಾಹರಣೆಯನ್ನೂ ಕೊಡಲಾಗುತ್ತದೆ. ಆ ಹುಡುಗರ ಛಲ ದೊಡ್ಡದೆಂಬುದು ನಿಜ. ಆದರೆ ಅವರು ಹೋಟೆಲಿನಲ್ಲಿ ಉಂಡು ಬರುತ್ತಿದ್ದರೆಂಬುದೂ ನಿಜ. ಸಂಘದ ತರಗತಿಯ ವೇಳೆಯನ್ನು ಒಂದು ಕಾಲು ಗಂಟೆ ಮುಂದೂಡಿ, ಮೊದಲ ಹತ್ತು ನಿಮಿಷ ಮಕ್ಕಳಿಗೆ ಅವಲಕ್ಕಿ, ಬಾಳೆಹಣ್ಣು, ನೀರು ಕೊಟ್ಟು, ಕೈಕಾಲು ತೊಳೆದುಕೊಳ್ಳಲು ಬಿಟ್ಟು ಅನಂತರ ಹಾಜರಿ ಕರೆಯುವುದಕ್ಕೆ ತಗಲುವ ವೆಚ್ಚ, ವಾರ್ಷಿಕೋತ್ಸವದ ಹಾರತುರಾಯಿಗಳ ವೆಚ್ಚಕ್ಕಿಂತ ಬಹಳ ಹೆಚ್ಚಾಗಲಾರದು. ತಿಂಡಿಯ ಡಬ್ಬಿಗಳನ್ನು ವಾರಕ್ಕೊಬ್ಬರಂತೆ ಸದಸ್ಯರ ಮನೆಗಳಿಂದ ತರಿಸಿಕೊಂಡರೆ ಅಷ್ಟೂ ಆಗದು.